ರೊಟ್ಟಿ ಬಡಿಯುವ ಸದ್ದು ನಿಂತಾಗ

ನಾನು ನಿಂತಿದ್ದದ್ದು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ. ಎಡಗಾಲು ರೊಟ್ಟಿ ಮಾಡುವ ಕೋಣೆಯಲ್ಲಿತ್ತು, ಬಲಗಾಲು ಭಾವ ಮಲಗಿದ್ದ ಕೋಣೆಯಲ್ಲಿ. ದಸರೆಗೆ ಎರಡು ವಾರ ಉಳಿದಿದ್ದ ಒಂದು ಭಾನುವಾರ, ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಕಡಿಮೆ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗಷ್ಟೇ ಕರೆಂಟು ಹೋಗಿ ಫ್ಯಾನು ನಿಂತಿತ್ತು, ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಕೈಯಲ್ಲಿ ನೀರು ತುಂಬಿದ ಸ್ಟೀಲಿನ ತಂಬಿಗೆ ಇತ್ತು. ಆ ತಂಬಿಗೆಯನ್ನು ಆಮೇಲೆ ಎಲ್ಲಿಟ್ಟೆ ಎಂಬುದು ಮಾತ್ರ ನೆನಪಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಿಜಯಪುರದ ಕಡೆಯವರು. ಹೈದರಾಬಾದಿಗೆ ಬಂದು ಮಿಯಾಪುರದಲ್ಲಿ ಖಡಕ್ ರೊಟ್ಟಿಯ ಕೇಂದ್ರ ಇಟ್ಟಿದ್ದಾರೆ. ನೆಲಮಹಡಿಯ ಮೂರು ಕೋಣೆಗಳು: ಮುಂದಿನದು ಅಂಗಡಿ, ನಡುವಿನದು ರೊಟ್ಟಿ ಬೇಯಿಸುವ ಹಂಚುಗಳ ಕೋಣೆ, ಹಿಂದಿನದರಲ್ಲಿ ಸಂಸಾರ. ನಡುವಿನ ಕೋಣೆಯಲ್ಲಿ ಮೂವರು ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಾಕಿ ಎನ್ನುತ್ತಾರೆ. ಕೇಂದ್ರ ಶುರುವಾದ ದಿನದಿಂದ ಆಕೆ ಅಲ್ಲಿದ್ದಾಳೆ. ನಾನು ಆಗ ತಾರ್ನಾಕದಲ್ಲಿ ಒಬ್ಬನೇ ಇದ್ದೆ, ಒಂದು ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಿದ್ದೆ.

ಭಾವ ಏಳುತ್ತಿದ್ದದ್ದು ಬೆಳಗಿನ ನಾಲ್ಕಕ್ಕೆ. ಹಿಂದಿನ ದಿನ ಒಣಗಿಸಿಟ್ಟ ರೊಟ್ಟಿ ಆರಕ್ಕೆ ಅಂಗಡಿಗಳಿಗೆ ಹೊರಡಬೇಕು. ಕಟ್ಟುವ ಮೊದಲು ಅವರು ಪ್ರತಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ಅಂಚು ಮುರಿದು, ಕಣ್ಣು ಮುಚ್ಚಿ ಬಲಗಡೆಯ ದವಡೆಹಲ್ಲಿನಲ್ಲಿ ಕಡಿಯುತ್ತಿದ್ದರು. ಸದ್ದು ಒಂದೇ ಸಲಕ್ಕೆ ಮುರಿದು ಬಂದರೆ ಬುಟ್ಟಿ ಪಾಸು. ಹಲ್ಲಿನ ಕೆಳಗೆ ಕೂದಲೆಳೆಯಷ್ಟು ಬಗ್ಗಿದರೂ ಆ ಬುಟ್ಟಿ ಮತ್ತೆ ತಾರಸಿಯ ಬಿಸಿಲಿಗೆ. ಈ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕರವರೆಗೆ ನಿದ್ದೆ. ನಿದ್ದೆ ಎಂದರೆ ಗೊರಕೆ. ಹಂಚಿನ ಕೋಣೆಯ ಗೋಡೆಗೆ ಒರಗಿಸಿಟ್ಟ ಬುಟ್ಟಿಗಳು ನಡುಗುತ್ತವೆ ಎಂದು ದೊಡ್ಡಾಕಿ ಹೇಳುತ್ತಿದ್ದಳು. ನಾನು ನೋಡಿದ ಮಟ್ಟಿಗೆ ನಡುಗುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಅದನ್ನು ಮಾಡಿದವರು ಭಾವನ ತಾಯಿ, ನಾನು ಅವ್ವಾರು ಎಂದು ಕರೆಯುತ್ತಿದ್ದ ಹಿರಿಯರು. ಗೊರಕೆ ನಡೆಯುವಷ್ಟು ಹೊತ್ತು ಮಗನಿಗೆ ಅರೆನಿದ್ದೆ, ಗೊರಕೆ ನಿಂತಾಗ ಖರೆ ನಿದ್ದೆ ಹತ್ತಿತು ಎಂದು ಅವರ ನಂಬಿಕೆ. ಹಾಗಾಗಿ ಗೊರಕೆ ನಿಂತ ಕೂಡಲೇ ಮನೆಯಲ್ಲಿ ಯಾರೂ ಸದ್ದು ಮಾಡಕೂಡದು. ಹೆಂಗಸರು ರೊಟ್ಟಿ ಬಡಿಯುತ್ತಿದ್ದ ಕೈ ಹಾಗೇ ಎತ್ತಿ ಹಿಡಿಯುತ್ತಿದ್ದರು. ಅಕ್ಕ ಪಾತ್ರೆ ತಿಕ್ಕುವುದನ್ನು ನಿಲ್ಲಿಸುತ್ತಿದ್ದಳು. ಗೊರಕೆ ಮತ್ತೆ ಶುರುವಾದಾಗ ಎಲ್ಲ ಕೈಗಳೂ ಒಟ್ಟಿಗೆ ಇಳಿಯುತ್ತಿದ್ದವು. ಹೊಸಬರಿಗೆ ನಗು ಬರುತ್ತಿತ್ತು. ನಾನೂ ಎಷ್ಟೋ ಭಾನುವಾರ ಬಾಯಿಗಿಟ್ಟ ತುತ್ತನ್ನು ಅಗಿಯದೆ ಕಾದಿದ್ದೇನೆ. ದುಡಿದು ದಣಿದ ಮನುಷ್ಯನಿಗೆ ನಾವು ಕೊಡಬಹುದಾಗಿದ್ದ ಮರ್ಯಾದೆ ಅದೊಂದೇ ಎಂದು ತಿಳಿದಿದ್ದೆವು.

ಆ ದಿನ ಫ್ಯಾನಿನ ಸದ್ದೂ ಇರಲಿಲ್ಲ. ಗೊರಕೆ ನಿಂತಿತು. ನನ್ನ ಬೆನ್ನ ಹಿಂದೆ ಬಡಿಯುವ ಸದ್ದು ನಿಂತಿತು. ಭಾವ ಮಲಗಿದ್ದ ಕೋಣೆಯ ಮೂಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಅವ್ವಾರು ನನ್ನತ್ತ ನೋಡಿ, ನಕ್ಕು, ತುಟಿಯ ಮೇಲೆ ಬೆರಳಿಟ್ಟರು. ನಾನು ನಿಂತಲ್ಲೇ ನಿಂತೆ. ನೋಡಲು ಬೇರೇನೂ ಇರಲಿಲ್ಲವಾದ್ದರಿಂದ ಭಾವನನ್ನು ನೋಡಿದೆ.

ಅವರು ಅಂಗಾತ ಮಲಗಿದ್ದರು. ಬಾಯಿ ತುಸು ತೆರೆದಿತ್ತು. ಎದೆ ಏಳಲು ನೋಡುತ್ತಿತ್ತು, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿತ್ತು. ಆದರೆ ಗಾಳಿ ಹೋಗುವ ಸದ್ದಿಲ್ಲ, ಬರುವ ಸದ್ದಿಲ್ಲ. ಒಳಗಿನಿಂದ ಯಾರೋ ಮುಚ್ಚಿದ ಬಾಗಿಲು ನೂಕುತ್ತಿರುವ ಹಾಗಿತ್ತು. ಆಮೇಲೆ ನೀರಿನಿಂದ ತಲೆ ಎತ್ತಿದವರಂತೆ ಒಂದು ದೊಡ್ಡ ಉಸಿರು, ಅದರ ಹಿಂದೆಯೇ ಗೊರಕೆ. ಹಂಚಿನ ಕೋಣೆಯಲ್ಲಿ ಕೈಗಳು ಇಳಿದವು, ಬಡಿತ ಶುರುವಾಯಿತು.

ಮೊದಲ ಸಲ ನಾನು ಎಣಿಸಲಿಲ್ಲ. ಎರಡನೆಯ ಸಲ ಎಣಿಸಿದೆ. ಇಪ್ಪತ್ತಾರು. ಗಡಿಯಾರ ನೋಡಿ ಎಣಿಸಿದ್ದಲ್ಲ, ಮನಸ್ಸಿನಲ್ಲೇ ಎಣಿಸಿದ್ದು. ಹೆದರಿದವನ ಎಣಿಕೆ ಬೇಗ ಓಡುತ್ತದೆ, ಅದನ್ನೂ ಇಲ್ಲಿ ಹೇಳಬೇಕು. ತುಟಿ ನೀಲಿಯಾಗಿತ್ತು ಎಂದು ಎಷ್ಟೋ ಮಂದಿಯ ಎದುರು ಹೇಳಿದ್ದೇನೆ. ಈಗ ಬರೆಯುವಾಗ ಅದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಕರೆಂಟು ಇರಲಿಲ್ಲ, ಕಿಟಕಿಗೆ ಪರದೆ ಇತ್ತು. ಬಣ್ಣದ ಬಗ್ಗೆ ಆಣೆ ಮಾಡಲಾರೆ. ಇನ್ನೊಂದು ಮಾತು. ನಾನು ಅವರನ್ನು ಅಲ್ಲಾಡಿಸಿ ಎಬ್ಬಿಸಲಿಲ್ಲ. ಎಣಿಸುತ್ತ ನಿಂತೆ.

ಆಮೇಲೆ ಅಕ್ಕನನ್ನು ಕರೆದೆ.

"ಸಣ್ಣಗ ಮಾತಾಡೋ ತಮ್ಮಾ," ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ ಬಂದು. "ಈಗ ನಿದ್ದಿ ಹತ್ತೇತಿ ಅವರಿಗೆ."

"ನಿದ್ದಿ ಹತ್ತಿಲ್ಲಕ್ಕಾ. ಉಸಿರು ನಿಂತೈತಿ. ಹೊಟ್ಟಿ ನೋಡು."

ಅಕ್ಕ ನೋಡಿದಳು. ಅವಳ ಹಿಂದೆ, ಹಿಟ್ಟಿನ ಕೈ ಎತ್ತಿ ಹಿಡಿದುಕೊಂಡೇ ದೊಡ್ಡಾಕಿ ಬಂದು ನೋಡಿದಳು. ಮೂರನೆಯ ಸಲ ನಾವು ಮೂವರೂ ಒಟ್ಟಿಗೆ ನೋಡಿದೆವು. ಉಸಿರು ವಾಪಸು ಬಂದಾಗ ದೊಡ್ಡಾಕಿ ಮೆಲ್ಲಗೆ, "ಯವ್ವಾ, ಇದಕ್ಕ ನಾವು ಸುಮ್ಮನ ಕುಂದ್ರತಿದ್ವಿ?" ಎಂದಳು. ಅಕ್ಕ ಗಂಡನ ಭುಜ ಹಿಡಿದು ಮಗ್ಗುಲಾಗಿಸಿದಳು. ಫೋನಿನಲ್ಲಿ ಹಿಡಿದು ಅವರಿಗೇ ತೋರಿಸೋಣವೆಂದು ನಾನು ಕಿಸೆಗೆ ಕೈ ಹಾಕಿದಾಗ ಅವ್ವಾರು ಮೂಲೆಯಿಂದಲೇ ಗದರಿದರು. ಮಲಗಿದವರ ಫೋಟೊ ತೆಗೆಯಬಾರದು, ಅದು ಹೆಣಕ್ಕೆ ತೆಗೆಯುವುದು. ನಾನು ಫೋನು ಒಳಗಿಟ್ಟೆ. ಹೀಗಾಗಿ ನಮ್ಮ ಕಣ್ಣುಗಳ ಹೊರತು ಬೇರೆ ಪುರಾವೆ ಉಳಿಯಲಿಲ್ಲ.

ನಾಲ್ಕಕ್ಕೆ ಭಾವ ಎದ್ದು ಚಹಾಕ್ಕೆ ಬಂದಾಗ ಅಕ್ಕ ಕಪಾಟಿನಿಂದ ಒಂದು ಸ್ಟೀಲಿನ ಡಬ್ಬಿ ತಂದು ಅವರೆದುರು ಇಟ್ಟಳು. ಅದರೊಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ, ಕುದುರೆ ಲಾಳದ ಆಕಾರದ ಒಂದು ವಸ್ತು. ಗೊರಕೆಗೆ ಬಾಯಲ್ಲಿ ಇಟ್ಟುಕೊಳ್ಳುವ ಮೌತ್‌ಪೀಸ್. ರೊಟ್ಟಿ ಒಯ್ಯಲು ಬರುವ ಅಪಾರ್ಟ್‌ಮೆಂಟಿನ ಒಬ್ಬ ಹೆಂಗಸಿನ ಮಾತು ಕೇಳಿ ಎರಡು ತಿಂಗಳ ಹಿಂದೆ ಫೋನಿನಲ್ಲೇ ತರಿಸಿದ್ದಳಂತೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಕಚ್ಚಿ ಹಿಡಿದು ಹಲ್ಲಿನ ಅಚ್ಚು ಮೂಡಿಸಿಕೊಳ್ಳಬೇಕು. ಕೆಳದವಡೆಯನ್ನು ಅದು ತುಸು ಮುಂದಕ್ಕೆ ಎಳೆದು ಹಿಡಿಯುತ್ತದೆ, ಗಂಟಲು ಮುಚ್ಚಿಕೊಳ್ಳುವುದಿಲ್ಲ.

"ತಗೋರಿ, ಮತ್ತ ಶುರುವಾತು," ಎಂದರು ಭಾವ. "ನಾ ಏನ್ ಟಾಂಗಾದ ಕುದುರಿ ಏನು, ಬಾಯಾಗ ಲಗಾಮ ಹಾಕಾಕ?"

"ಕುದುರಿ ಹಿಂಗ ಗೊರಕಿ ಹೊಡಿಯಂಗಿಲ್ಲ ಬಿಡ್ರಿ ಅಣ್ಣಾರ," ಎಂದಳು ದೊಡ್ಡಾಕಿ ಹಂಚಿನ ಕಡೆಯಿಂದ.

ಚಿಕ್ಕ ಹೆಂಗಸರಿಬ್ಬರೂ ನಕ್ಕರು. ಭಾವನೂ ನಕ್ಕರು. ನನಗೆ ನಗಲಾಗಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇದ್ದಾಗಿನಿಂದ ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ, ಇಪ್ಪತ್ತಾರರ ಎಣಿಕೆಯನ್ನೂ ಹೇಳಿದೆ. ಅವರು ಬಸಿಗೆ ಸುರಿದುಕೊಂಡ ಚಹಾವನ್ನು ಮುಗಿಸಿ, ಬಸಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ಸಾಹೇಬ್ರ, ನೀವು ಸುಳ್ಳ ಹೇಳವರಲ್ಲ. ಆದ್ರ ನಾ ಏನೂ ನೋಡಿಲ್ಲ. ನಾ ಮಲಗಿದ್ದೆ. ಎದ್ದೀನಿ, ಚಾ ಕುಡದೀನಿ, ನಿಮ್ಮ ಮುಂದ ಕುಂತೀನಿ. ನಾ ಯಾವದನ್ನ ನಂಬಲಿ?"

ತನ್ನ ನಿದ್ದೆಯ ಬಗ್ಗೆ ಮನುಷ್ಯ ಬೇರೆಯವರ ಮಾತನ್ನೇ ನಂಬಬೇಕು.

ಸಂಜೆ ಮೆಟ್ರೊ ನಿಲ್ದಾಣದವರೆಗೆ ನನ್ನನ್ನು ಬಿಡಲು ಬಂದ ಭಾವ ಮೆಟ್ಟಿಲ ಬುಡದಲ್ಲಿ ನಿಂತರು. ನಿಮ್ಮ ಅಕ್ಕನಿಗೆ ಹೇಳಬೇಡಿ ಎಂದು ಮಾತು ತೆಗೆದುಕೊಂಡು, ಒಂದು ವಿಷಯ ಹೇಳಿದರು. ಆ ವಸ್ತುವನ್ನು ಅವರು ಒಂದು ರಾತ್ರಿ ಯಾರಿಗೂ ತಿಳಿಯದಂತೆ ಹಾಕಿಕೊಂಡು ನೋಡಿದ್ದರು.

"ಮುಂಜಾನೆ ಎದ್ದರ ಹಲ್ಲಿಗೆ ಹಲ್ಲು ಕೂಡವಲ್ವು. ಕೆಳಗಿನ ದವಡಿ ಬ್ಯಾರೆ ಯಾರದೋ ತಂದ ಕೂಡಿಸಿದಂಗ. ಆರಕ್ಕ ಬುಟ್ಟಿ ಹೋಗಬೇಕು. ರೊಟ್ಟಿ ಕಡದೆ, ಏನೂ ತಿಳೀಲಿಲ್ಲ. ಹಂಗ ಪಾಸ್ ಮಾಡಿದೆ."

ಆ ಬುಟ್ಟಿ ನಾಲ್ಕನೆಯ ದಿನ ಬೂಸ್ಟು ಹಿಡಿದು ವಾಪಸು ಬಂದಿತ್ತು. ಕೇಂದ್ರ ಶುರುವಾದಂದಿನಿಂದ ವಾಪಸು ಬಂದ ಮೊದಲ ಬುಟ್ಟಿ ಅದು. ಭಾವ ಹೆಂಗಸರೆಲ್ಲರ ಎದುರು ದೊಡ್ಡಾಕಿಯನ್ನು ಬೈದಿದ್ದರು, ಹಸಿ ಬಿಟ್ಟು ಬೇಯಿಸಿದ್ದೀ ಎಂದು. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು.

"ನನ್ನ ಕೇಂದ್ರ ನಿಂತಿರೋದು ಈ ಹಲ್ಲಿನ ಮ್ಯಾಲ," ಎಂದು ಬಲಗಡೆಯ ಕೆನ್ನೆ ಮುಟ್ಟಿ ತೋರಿಸಿದರು. "ಗೊರಕಿ ಸಲವಾಗಿ ಇದನ್ನ ಕಳಕೊಳ್ಳಾಕ ಆಗಂಗಿಲ್ಲರಿ."

ಉಸಿರಿನ ಸಲವಾಗಿ ಎಂದು ನಾನು ತಿದ್ದಬೇಕಿತ್ತು. ಆ ಮುಖ ನೋಡಿ, ತಿದ್ದದೆ ಮೆಟ್ಟಿಲು ಹತ್ತಿದೆ. ಬೆಳಗಿನ ನಾಲ್ಕಕ್ಕೆ ಎದ್ದು ಇಡೀ ದಿನ ಬೆಂಕಿಯ ಪಕ್ಕ ನಿಲ್ಲುವವರು. ಅವರ ಪಾಲಿಗೆ ಅದು ಹಟವಲ್ಲ, ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನ. ರೈಲಿನಲ್ಲಿ ಕೂತು ಪೂರ್ತಿ ದಾರಿ ನಾನು ಇಪ್ಪತ್ತಾರನ್ನು ಮತ್ತೆ ಮತ್ತೆ ಎಣಿಸಿದೆ.

ಮುಂದಿನ ಭಾನುವಾರ ಹೋದಾಗ ಅವ್ವಾರು ಬಾಗಿಲಲ್ಲೇ ನನ್ನನ್ನು ಹಿಡಿದರು. ಒಂದು ವಾರದಿಂದ ಅವರು ಸರಿಯಾಗಿ ಉಂಡಿಲ್ಲವೆಂದು ಅಕ್ಕ ಹೇಳಿದಳು.

"ನೀ ಏನ್ ಕಂಡಿ ಅದನ್ನ ನನಗ ತೋರಸು," ಎಂದರು.

ಮಧ್ಯಾಹ್ನ ಭಾವನಿಗೆ ನಿದ್ದೆ ಹತ್ತಿದ ಮೇಲೆ ಅವ್ವಾರು ತಾವೇ ಫ್ಯಾನು ಆರಿಸಿದರು. ಮಂಚದ ಅಂಚಿಗೆ ಕೂತು ಮಗನ ಎದೆಯ ಮೇಲೆ ಅಂಗೈ ಇಟ್ಟರು. ನಾನು ಅದೇ ಬಾಗಿಲಲ್ಲಿ ನಿಂತೆ. ಗೊರಕೆ ನಡೆಯಿತು, ಏರಿತು, ನಿಂತಿತು. ಅಭ್ಯಾಸಬಲದಿಂದ ಚಿಕ್ಕ ಹೆಂಗಸರಿಬ್ಬರೂ ಕೈ ನಿಲ್ಲಿಸಿದರು. ಅವ್ವಾರ ಅಂಗೈ ಮಗನ ಎದೆಯ ಜೊತೆಗೆ ಎದ್ದಿತು, ಬಿದ್ದಿತು, ಎದ್ದಿತು. ಇನ್ನೊಂದು ಕೈಯ ಬೆರಳನ್ನು ಅವರು ಮಗನ ಮೂಗಿನ ಕೆಳಗೆ ಹಿಡಿದರು. ಹಿಡಿದೇ ಇದ್ದರು.

ಆಮೇಲೆ ಕೂಗಿದರು. ಆ ವಯಸ್ಸಿನವರ ಗಂಟಲಲ್ಲಿ ಅಷ್ಟು ಸದ್ದಿದೆ ಎಂದು ನಾನು ಎಣಿಸಿರಲಿಲ್ಲ.

"ಬಡೀರೇ! ಯಾಕ ನಿಲ್ಲಸ್ತೀರಿ? ಬಡೀರಿ! ಜೋರಲೆ ಬಡೀರಿ!"

ಮೂರು ಮಣೆಗಳೂ ಒಟ್ಟಿಗೆ ಸದ್ದು ಮಾಡಿದವು. ಭಾವ ದೊಡ್ಡ ಉಸಿರೆಳೆದು ಎದ್ದು ಕೂತರು. "ಏನಾತು, ಏನಾತು?" ಎಂದು ಸುತ್ತ ನೋಡಿದರು. ತಾಯಿಯ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

"ನಿಮ್ಮಪ್ಪಗೂ ಹಿಂಗ ಆಗತಿತ್ತು," ಎಂದರು ಅವ್ವಾರು. "ಮಧ್ಯಾಹ್ನ ಮಲಗಿದಾಗ. ಗೊರಕಿ ನಿಂತ ಕೂಡ್ಲೇ ನಿಮ್ಮನ್ನೆಲ್ಲಾ ಬಾಯಿ ಮುಚ್ಚಸ್ತಿದ್ದೆ. ಅಪ್ಪಗ ನಿದ್ದಿ ಹತ್ತೇತಿ, ಹೊರಗ ಹೋಗಿ ಆಡ್ರಿ ಅಂತಿದ್ದೆ." ಚಾಚಿದ್ದ ಬೆರಳನ್ನು ಮಡಿಲಿಗೆ ಇಳಿಸಿದರು. "ಅವತ್ತೂ ಹಂಗ ಅಂದಿದ್ದೆ."

ಭಾವನ ತಂದೆ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ ಎಂಬುದು ನನಗೆ ಗೊತ್ತಿತ್ತು. ಪುಣ್ಯವಂತರ ಸಾವು ಎಂದೇ ಆ ಮನೆಯಲ್ಲಿ ಹೇಳುತ್ತಿದ್ದರು. ಅದಕ್ಕೆ ಇದೇ ಕಾರಣವೇ ಎಂಬುದನ್ನು ಈಗ ಯಾರೂ ಹೇಳಲಾರರು. ಆಮೇಲೆ ಡಾಕ್ಟರನ್ನು ಕೇಳಿದಾಗ ಅವರೂ ಹೇಳಲಿಲ್ಲ. ಅವ್ವಾರಿಗೂ ಅದನ್ನೇ ಹೇಳಿದೆ, ತಿಳಿಯದ್ದಕ್ಕೆ ತಪ್ಪು ಹೊತ್ತುಕೊಳ್ಳಬೇಡಿ ಎಂದೆ. ಅವರು ತಲೆ ಆಡಿಸಿದರು. ಹೊತ್ತುಕೊಂಡರು ಎಂದೇ ನನ್ನ ಅನಿಸಿಕೆ.

ಭಾವ ಬಹಳ ಹೊತ್ತು ತಾಯಿಯ ಕೈ ಹಿಡಿದುಕೊಂಡು ಕೂತಿದ್ದರು. ಆಮೇಲೆ ಅಕ್ಕನ ಕಡೆ ತಿರುಗಿ, "ಆ ಡಬ್ಬಿ ಎಲ್ಲೈತಿ?" ಎಂದರು.

ಅವತ್ತೇ ನೀರು ಕಾಯಿಸಿ ಹಾಕಿಬಿಡಬೇಕೆಂದು ನನ್ನ ಅವಸರ. ಅಕ್ಕ ತಡೆದಳು. "ಗೊರಕಿ ಅಂತ ತಿಳಕೊಂಡು ತರಸಿದ್ದೆ. ಇದು ಗೊರಕಿ ಅಲ್ಲ. ಮೊದಲ ಡಾಕ್ಟರಿಗೆ ತೋರಸೂಣು." ಅವಳು ಹೇಳಿದ್ದೇ ಸರಿಯಾಗಿತ್ತು.

ತಾರ್ನಾಕದಲ್ಲಿ ನನ್ನ ಮನೆಯ ಹತ್ತಿರದ ಹಲ್ಲಿನ ಡಾಕ್ಟರಮ್ಮ ಡಬ್ಬಿ ತೆರೆದು ನೋಡಿ ಮುಚ್ಚಿ ಬದಿಗಿಟ್ಟರು. ನಿದ್ದೆಯ ಪರೀಕ್ಷೆ ಆಗದೆ ತಾನು ಬಾಯಿಗೆ ಕೈ ಹಾಕುವುದಿಲ್ಲ ಎಂದರು. ಪರೀಕ್ಷೆಯ ಯಂತ್ರದ ತಂತಿಗಳನ್ನು ಬೆರಳಿಗೆ, ಎದೆಗೆ, ಮೂಗಿಗೆ ಕಟ್ಟಿಕೊಂಡು ಭಾವ ನನ್ನ ಮನೆಯಲ್ಲೇ ಒಂದು ರಾತ್ರಿ ಮಲಗಿದರು. ಬೆಳಿಗ್ಗೆ ಎದ್ದವರೇ, "ಈಗ ನಿಮ್ಮ ಸಾಕ್ಷಿಗೆ ಯಂತ್ರಾನೂ ಬಂತು ನೋಡ್ರಿ ಸಾಹೇಬ್ರ," ಎಂದರು. ನಿದ್ದೆಯ ಡಾಕ್ಟರು ಕಾಗದ ನೋಡಿ, ಉಸಿರು ನಿಲ್ಲುವುದು ನಿಜ, ತೀರಾ ಕೈಮೀರಿದ್ದಲ್ಲ, ಹಲ್ಲಿನ ಅಳತೆ ತೆಗೆದು ಮಾಡಿಸಿದ ಮೌತ್‌ಪೀಸ್ ಹಾಕಿ ನೋಡಬಹುದು ಎಂದರು. ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಅದರಿಂದ ಆಗದಿದ್ದರೆ ಮೂಗಿಗೆ ಕಟ್ಟುವ ಗಾಳಿಯ ಯಂತ್ರ.

ಮತ್ತೆ ಹಲ್ಲಿನ ಡಾಕ್ಟರಮ್ಮನ ಕುರ್ಚಿ. ಭಾವ ತಮ್ಮ ಹೈದರಾಬಾದಿ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಮೇಡಂ, ಸುಬೂ ಛೇ ಬಜೇ ಕಡಕ್ ರೋಟಿ ಕೈಸಾ ಖಾನಾ?"

ಆಕೆಗೆ ಮೊದಲು ಅರ್ಥವಾಗಲಿಲ್ಲ. ಆರಕ್ಕೇ ಯಾಕೆ ತಿನ್ನಬೇಕು, ಒಂಬತ್ತಕ್ಕೆ ತಿನ್ನಿ ಎಂದರು. ಎದ್ದ ಮೇಲೆ ಒಂದೆರಡು ಗಂಟೆ ಹಲ್ಲು ಸರಿಯಾಗಿ ಕೂಡುವುದಿಲ್ಲ, ಆಮೇಲೆ ತನ್ನಷ್ಟಕ್ಕೆ ಕೂಡುತ್ತದೆ ಎಂದೂ ಹೇಳಿದರು. ನಾನು ಕೇಂದ್ರದ ಕೆಲಸ ವಿವರಿಸಿದಾಗ ಆಕೆ ನಗಲಿಲ್ಲ. ಕೈಗವಸು ತೆಗೆದು ಸ್ವಲ್ಪ ಯೋಚಿಸಿ, ಅದಕ್ಕೆ ತನ್ನಲ್ಲಿ ಔಷಧವಿಲ್ಲ, ಬೆಳಗಿನ ರೊಟ್ಟಿಯನ್ನು ಬೇರೆ ಯಾರಾದರೂ ಕಡಿಯಬೇಕು ಎಂದು ತೆಲುಗಿನಲ್ಲಿ ನನಗೆ ಹೇಳಿದರು. ಭಾವನಿಗೂ ತೆಲುಗು ತಿಳಿಯುತ್ತದೆ. ಅವರು ಗೋಡೆ ನೋಡುತ್ತ ಕೂತರು. ಅಳತೆ ಕೊಡುವುದನ್ನು ಆ ದಿನ ಮುಂದೂಡಿದರು.

ತೀರ್ಮಾನ ಆದದ್ದು ಅದರ ಮುಂದಿನ ಭಾನುವಾರ, ಬೆಳಿಗ್ಗೆ. ಹಿಂದಿನ ರಾತ್ರಿಯೇ ಬರಲು ಹೇಳಿದ್ದರಿಂದ ನಾನಿದ್ದೆ. ಆರಕ್ಕೆ ಇನ್ನೂ ಅರ್ಧ ಗಂಟೆ. ಒಂಬತ್ತು ಬುಟ್ಟಿಗಳು ಸಾಲಾಗಿದ್ದವು. ಭಾವ ಒಂದು ರೊಟ್ಟಿ ತೆಗೆದು, ಅಂಚು ಮುರಿದು, ತಾವು ಕಡಿಯದೆ ದೊಡ್ಡಾಕಿಯ ಮುಂದೆ ಹಿಡಿದರು.

"ಇದನ್ನ ನೀ ನೋಡು."

ಆಕೆ ಕೈ ಚಾಚಲಿಲ್ಲ. ಭಾವನಿಗೆ ಮಾತು ತಡವರಿಸಿತು. "ಆ ವಾಪಸ್ ಬಂದ ಬುಟ್ಟಿ... ಅದು ನಿನ್ನ ತಪ್ಪಲ್ಲ. ಲಗಾಮ ಹಾಕ್ಕೊಂಡು ಮಲಗಿದ್ದೆ. ಹಲ್ಲು ಕೂಡಿದ್ದಿಲ್ಲ. ತಿಳೀದನ ಪಾಸ್ ಮಾಡಿ ನಿನಗ ಬೈದೆ."

"ನನಗ ಗೊತ್ತಿತ್ರಿ ಅಣ್ಣಾರ."

"ಏನ್ ಗೊತ್ತಿತ್ತು?"

"ಆ ಬುಟ್ಟಿ ಇನ್ನಾ ಹಸಿ ಐತಿ ಅಂತ. ನೀವು ಕಡದು ಇಟ್ಟ ಮ್ಯಾಲ ಉಳದ ತುಂಡು ನಾ ದಿನಾ ಬಾಯಾಗ ಹಾಕ್ಕೊಂತೀನಲ್ರಿ. ಬಗ್ಗಿತು. ಅಣ್ಣಾರು ಪಾಸ್ ಮಾಡ್ಯಾರ, ನಾ ಏನ್ ಹೇಳ್ಲಿ ಅಂತ ಸುಮ್ಮನಾದೆ."

ಭಾವ ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. "ಇಷ್ಟ ವರ್ಷ ನೀನೂ ನೋಡತಿದ್ದೇನು?"

"ಮತ್ತ? ನಿಮಗಷ್ಟ ಐತೇನ್ರಿ ಹಲ್ಲು? ನಾವೇನ್ ಬಾಡಿಗಿ ತಂದೀವೇನು?"

ಅಂದು ಒಂಬತ್ತು ಬುಟ್ಟಿಗಳನ್ನೂ ಇಬ್ಬರೂ ಕಡಿದು ನೋಡಿದರು, ಮೊದಲು ಆಕೆ, ಆಮೇಲೆ ಭಾವ. ಎಂಟು ಬುಟ್ಟಿಗಳಿಗೆ ಇಬ್ಬರದೂ ಒಂದೇ ಮಾತು. ಒಂದು ಬುಟ್ಟಿಯನ್ನು ಆಕೆ ಬಿಸಿಲಿಗೆ ಎಂದಳು, ಭಾವ ಪಾಸು ಎಂದರು. ಆದರೆ ಆ ಬುಟ್ಟಿಯನ್ನು ಭಾವ ತಾವೇ ಎತ್ತಿಕೊಂಡು ತಾರಸಿಗೆ ನಡೆದರು. ಮರುದಿನ ತಾರ್ನಾಕಕ್ಕೆ ಬಂದು ಅಳತೆ ಕೊಟ್ಟರು.

ಮೊದಲ ವಾರಗಳಲ್ಲಿ ದವಡೆ ನೋಯಿತು, ಜೊಲ್ಲು ಸುರಿಯಿತು, ಎರಡು ಸಲ ತೆಗೆದಿಟ್ಟು ಮಲಗಿದ್ದೂ ಉಂಟು. ಬೆಳಗಿನ ರೊಟ್ಟಿಯನ್ನು ಅಕ್ಕ ಸಾರಿನಲ್ಲಿ ನೆನೆಸಿ ಕೊಟ್ಟಾಗ, "ಹಲ್ಲಿಲ್ಲದ ಮುದುಕನ ಮಾಡಿದ್ರಿ ನನ್ನ," ಎಂದು ಬೈದುಕೊಂಡು ತಿಂದರು. ಎರಡನೆಯ ಪರೀಕ್ಷೆಯ ಕಾಗದ ಮೊದಲಿನದಕ್ಕಿಂತ ಬಹಳ ಚೆನ್ನಾಗಿತ್ತು. ಗೊರಕೆ ಪೂರ್ತಿ ಹೋಗಿಲ್ಲ, ಸಣ್ಣದಾಗಿದೆ. ಮಧ್ಯಾಹ್ನ ಅವರು ಮಲಗಿದಾಗ ಈಗ ಯಾರೂ ಕೈ ನಿಲ್ಲಿಸುವುದಿಲ್ಲ.

ಆ ಉಸಿರು ನಿಂತದ್ದನ್ನು ಕಂಡವರು ನಾಲ್ವರು. ಅವ್ವಾರು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡರು, ಎಚ್ಚರವಾಗಿದ್ದಾಗಲೇ, ಮಗನ ಜೊತೆ ಮಾತಾಡುತ್ತ. ಉಳಿದವರಲ್ಲಿ ನನ್ನ ಅಕ್ಕ ಇದ್ದಾಳೆ. ದೊಡ್ಡಾಕಿ ಇದ್ದಾಳೆ, ದಿನವೂ ಬೆಳಿಗ್ಗೆ ಐದೂವರೆಗೆ ಬುಟ್ಟಿಗಳ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ನಾನಿದ್ದೇನೆ. ಭಾವನನ್ನು ಈ ಪಟ್ಟಿಗೆ ಸೇರಿಸುವ ಹಾಗಿಲ್ಲ. ಇದನ್ನು ಬರೆಯುವ ಮೊದಲು ಕೇಳಿದೆ, ಅಂದಿನದು ನಿಮಗೆ ಏನಾದರೂ ನೆನಪಿದೆಯೇ ಎಂದು. ಚಹಾದ ಬಸಿ ಕೆಳಗಿಟ್ಟು ಅದೇ ಮಾತು ಹೇಳಿದರು: "ನಾ ಏನೂ ನೋಡಿಲ್ಲರಿ ಸಾಹೇಬ್ರ. ನಾ ಮಲಗಿದ್ದೆ."